ಒಳ ಫೆಂಡರಿಗೆ ಸಾಲ ಬೇಡ
1967ರಿಂದ 72ರವರೆಗಿನ ಷೆವರ್ಲೆ ಸಿ10 ಪಿಕಪ್ ಕಟ್ಟಿಸುವ ಅಮೆರಿಕನ್ನರು ಎಂಜಿನ್ನು, ಪೇಂಟು, ಚಕ್ರಗಳಿಗೆ ಮೊದಲೇ ದುಡ್ಡು ತೆಗೆದಿಟ್ಟಿರುತ್ತಾರೆ. ಲೆಕ್ಕ ತಪ್ಪುವುದು ಒಳ ಫೆಂಡರಿನ ಹತ್ತಿರ. ಕೆಸರು ತಡೆದು ಬ್ಯಾಟರಿ ಹೊರುವ ಈ ತಗಡು ಬೋಲ್ಟಿನಲ್ಲಿ ಕೂರುವಂಥದ್ದು. ಅದೇ ಅಚ್ಚಿನ ಹೊಸ ಪ್ಯಾನೆಲ್ ಮಾರುಕಟ್ಟೆಯಲ್ಲಿ ಸಿಗುತ್ತದೆ. ಏರ್ ಬ್ಯಾಗ್ ಸಸ್ಪೆನ್ಷನ್ ಹಾಕಿ ಗಾಡಿಯನ್ನು ನೆಲಕ್ಕಿಳಿಸಿದವರಿಗೆ ಟೈರು ತಗಡಿಗೆ ಉಜ್ಜುತ್ತದೆ, ಅವರು ಒಳ ಫೆಂಡರನ್ನು ಕೈಯಲ್ಲೇ ಮಾಡಿಸಬೇಕು, ಒಪ್ಪಿದೆ. ಆದರೆ ಬಾನೆಟ್ ಎತ್ತಿದಾಗ ನುಣುಪಾಗಿ ಕಾಣಲಿ ಎಂದಷ್ಟೇ ಮಾಡಿಸುವುದು ಶುದ್ಧ ಖರ್ಚು. ಅದಕ್ಕೆ ಹೂಡಿಕೆಯ ಹೆಸರಿಟ್ಟು ಸಾಲ ಎತ್ತುವುದನ್ನು ನಾನು ಒಪ್ಪಲಾರೆ.

ತಗಡಿನ ಬೆಲೆ ನೋಡಿ ಧೈರ್ಯ ತಂದುಕೊಳ್ಳಬೇಡಿ. 18 ಗೇಜಿನ 4x8 ಅಡಿ ಉಕ್ಕಿನ ಹಾಳೆ ಸುಮಾರು 29 ಕಿಲೊ ತೂಗುತ್ತದೆ, ಒಟ್ಟು ಬಿಲ್ಲಿನಲ್ಲಿ ಅದರದ್ದು ಸಣ್ಣ ಪಾಲು. ಉಳಿದದ್ದೆಲ್ಲ ಗಂಟೆಗಳ ಲೆಕ್ಕ: ರಟ್ಟಿನಲ್ಲಿ ಮಾದರಿ ಕತ್ತರಿಸಬೇಕು, ಬ್ರೇಕ್ ಎಂಬ ಯಂತ್ರದಲ್ಲಿ ತಗಡು ಮಡಿಸಬೇಕು, ಬೀಡ್ ರೋಲರಿನಲ್ಲಿ ಗೆರೆ ಎಳೆಯಬೇಕು, ಟ್ಯಾಕ್ ವೆಲ್ಡ್ ಹಾಕಿ ಕೂರಿಸಿ, ಬಿಚ್ಚಿ, ತಿದ್ದಿ ಮತ್ತೆ ಕೂರಿಸಬೇಕು. ಗಂಟೆಗೆ 100 ಡಾಲರಿನಂತೆ 40 ಗಂಟೆ ಎಂದಿಟ್ಟುಕೊಳ್ಳಿ, 4,000 ಡಾಲರ್ ಆಯಿತು. ಇದನ್ನು ವರ್ಷಕ್ಕೆ ಶೇ 24ರ ಬಡ್ಡಿಯ ಕ್ರೆಡಿಟ್ ಕಾರ್ಡಿಗೆ ಹಾಕಿ ತಿಂಗಳಿಗೆ 100 ಕಟ್ಟಿದರೆ ಮೊದಲ ಕಂತಿನಲ್ಲಿ 80 ಬಡ್ಡಿಗೇ ಹೋಗುತ್ತದೆ, ಅಸಲು ಇಳಿಯುವುದು ಬರೀ 20. ವರ್ಷವಿಡೀ 1,200 ಕಟ್ಟಿದ ಮೇಲೂ 3,732 ಬಾಕಿ. ಸಾಲ ತೀರಲು 82 ಕಂತು ಬೇಕು, ಕಟ್ಟಿದ ಮೊತ್ತ ಸುಮಾರು 8,130. ಒಂದು ಜೊತೆ ತಗಡಿಗೆ ಎರಡು ಜೊತೆಯ ದುಡ್ಡು! ಕಂತು 200ಕ್ಕೆ ಏರಿಸಿದರೆ 26 ತಿಂಗಳಲ್ಲಿ ಸುಮಾರು 5,160ಕ್ಕೆ ಮುಗಿಯುತ್ತದೆ. ಅದೇ 200ನ್ನು ಮೊದಲೇ ಕೂಡಿಟ್ಟರೆ 20 ತಿಂಗಳು ಸಾಕು. ಕನಿಷ್ಠ ಕಂತನ್ನು ಅನುಕೂಲವೆಂದು ಮಾರುವ ಈ ಕಾರ್ಡುಗಳ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ. ತಿಂಗಳ ಸಂಬಳದಲ್ಲಿ 200 ಎತ್ತಿಡಲಾಗದವರು ಅದೇ ಸಂಬಳದಲ್ಲಿ ಬಡ್ಡಿ ಕಟ್ಟುವುದಾದರೂ ಹೇಗೆ? ಮೊದಲು ಬೆಳೆಸಿಕೊಳ್ಳಬೇಕಾದದ್ದು ಎತ್ತಿಡುವ ರೂಢಿ, ಗಾಡಿ ಆಮೇಲೆ.

ಮಾರುವಾಗ ಈ ಹಣ ವಾಪಸು ಬರುತ್ತದೆ ಎನ್ನುವವರಿದ್ದಾರೆ. ಕೊಳ್ಳುವವನು ಬೆಲೆ ಕಟ್ಟುವುದು ಇಡೀ ಗಾಡಿಗೆ. ಮೂಲ ರೂಪ ಬಯಸುವವನಿಗೆ ಕೈಯಲ್ಲಿ ಮಾಡಿದ ಪ್ಯಾನೆಲ್ ಬೇಕಿಲ್ಲ, ಕಸ್ಟಮ್ ಬಯಸುವವನ ರುಚಿ ನಿಮ್ಮದೇ ಆಗಿರಬೇಕೆಂದಿಲ್ಲ. ಉಪಕರಣ ಕೊಂಡು ನಾವೇ ಮಾಡಿಕೊಂಡರೆ ಅಗ್ಗ ಎಂಬ ವಾದಕ್ಕೆ ಹೆಚ್ಚು ತೂಕವಿದೆ, ಆ ವಿದ್ಯೆ ಇನ್ನೊಂದು ಗಾಡಿಗೂ ಬರುತ್ತದೆ; ಆದರೆ ಎರಡೇ ಪ್ಯಾನೆಲ್ಲಿಗಾಗಿ ಬ್ರೇಕು, ಬೀಡ್ ರೋಲರ್, ವೆಲ್ಡರ್ ಮೂರನ್ನೂ ಕೊಂಡರೆ ಉಳಿತಾಯದ ಮಾತು ಬರುವುದಿಲ್ಲ.

ಮಾಡಿಸಲೇಬೇಕೆಂದಿದ್ದರೆ ಸರದಿ ನೋಡಿಕೊಳ್ಳಿ. ಮೊದಲು ಎಂಜಿನ್ನು, ಎಕ್ಸಾಸ್ಟ್ ಹೆಡರು, ಸ್ಟೀರಿಂಗ್ ಶಾಫ್ಟು ಕೂರಬೇಕು. ಚಕ್ರ ತೊಡಿಸಿ, ಗಾಡಿಯನ್ನು ಪೂರ್ತಿ ಇಳಿಸಿ, ಸ್ಟೀರಿಂಗನ್ನು ಎರಡೂ ಕಡೆ ತಿರುಗಿಸಿ ನೋಡಿರಬೇಕು. ಆಮೇಲೆಯೇ ರಟ್ಟಿಗೆ ಕತ್ತರಿ. ಗ್ಯಾರೇಜಿನವರಿಂದ ಗಂಟೆಗಳ ಗರಿಷ್ಠ ಮಿತಿಯನ್ನು ಬರವಣಿಗೆಯಲ್ಲಿ ಪಡೆಯಿರಿ, ಮಾದರಿ ರಟ್ಟುಗಳು ನಿಮ್ಮವೇ ಎಂದೂ ಅದರಲ್ಲಿ ಸೇರಿಸಿ. ಬಿಚ್ಚಿದ ಹಳೆಯ ಪ್ಯಾನೆಲ್ಲುಗಳು ತುಕ್ಕು ತಿಂದಿಲ್ಲವಾದರೆ ಗುಜರಿಗೆ ಹಾಕಬೇಡಿ. ಮುಂದೆ ಗಾಡಿ ಮಾರುವಾಗ ಕೇಳುವವರಿರುತ್ತಾರೆ.