ಎಷ್ಟು ಪೈಪು? ಎಷ್ಟು ವಾಯರು?

ಮೊದಲು ನಮ್ಮ ಕಡೆ ಮಣ್ಣಿನ ಮಾಳಿಗೆ ಮನೆ. ಕಲ್ಲು, ಮಣ್ಣು, ಕಟ್ಟಿಗೆ ಇದ್ದರೆ ಸಾಕಿತ್ತು. ಈಗ ಮನೆಯೊಳಗೆ ನಳ ಬೇಕು. ಲೈಟು ಬೇಕು. ಬಚ್ಚಲ ನೀರು ಹೊರಗೆ ಹೋಗಬೇಕು. ಪೈಪು, ವಾಯರು ಗೋಡೆಯೊಳಗೆ ಇರುತ್ತವೆ. ಗಿಲಾವು ಆದ ಮೇಲೆ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಮೊದಲೇ ಅಳೆಯಬೇಕು.

ದೊಡ್ಡ ಊರುಗಳಲ್ಲಿ ಇದೇ ಒಂದು ನೌಕರಿ. ಕಟ್ಟಡದ ನಕ್ಷೆ ನೋಡಿ ಪೈಪು ಎಷ್ಟು, ವಾಯರು ಎಷ್ಟು, ರೊಕ್ಕ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಅವರಿಗೆ ಕ್ವಾಂಟಿಟಿ ಸರ್ವೇಯರ್ ಎನ್ನುತ್ತಾರೆ. ಸರಕಾರಿ ಕೆಲಸವಾದರೆ ಇಂಜಿನಿಯರು ಅಂದಾಜು ಪಟ್ಟಿ ಮಾಡುತ್ತಾರೆ. ಜಕ್ಕಲಿಯ ನಮ್ಮ ಸ್ವಂತ ಮನೆಗೆ? ಕೆಲಸದವನು ಹೇಳಿದ್ದೇ ಲೆಕ್ಕ.

ನಮ್ಮ ಕಲಿಕಾ ಕೇಂದ್ರದ ಅಕ್ಕ ಒಬ್ಬರು ಒಂದು ಚೀಟಿ ತಂದರು. ನಳ ಕೂಡಿಸುವವನು ಬರೆದುಕೊಟ್ಟಿದ್ದು. ಹಿಂದೆ ಆಗಿದ್ದರೆ ಚೀಟಿ ಸೆರಗಿನ ಗಂಟಿಗೆ ಹೋಗುತ್ತಿತ್ತು. ಈಗ ಅಕ್ಕ ತಾವೇ ಓದಿದರು: "ಪೈಪು 6. ಒಟ್ಟು 120 ಅಡಿ."

ಎಲ್ಲರೂ ಅಳೆಯಲು ಹೋದೆವು. ಬಟ್ಟೆ ಹೊಲಿಯುವ ಟೇಪು 5 ಅಡಿ ಮಾತ್ರ. ಅದಕ್ಕೆ ಹಗ್ಗ ತಂದು 5 ಅಡಿಗೊಂದು ಸುಣ್ಣದ ಗುರುತು ಹಾಕಿದೆವು. ಗಂಟು ಹಾಕಬಾರದು, ಹಗ್ಗ ಗಿಡ್ಡ ಆಗುತ್ತದೆ.

ಓಣಿಯ ನಳದಿಂದ ಗೋಡೆಗೆ 34 ಅಡಿ. ಗೋಡೆಯಿಂದ ಬಚ್ಚಲಿಗೆ 22 ಅಡಿ. ಅಲ್ಲಿಂದ ಮೇಲೆ ಟಾಕಿಗೆ 14 ಅಡಿ. ಕೂಡಿಸಿದರೆ 70 ಅಡಿ. ಒಂದು ಪೈಪು ಸುಮಾರು 20 ಅಡಿ ಉದ್ದ. 3 ಪೈಪು ಸಾಲುವುದಿಲ್ಲ. 4 ಬೇಕು.

"ತಮ್ಮಾ, ನಾಕು ಪೈಪಿಗೆ ಮುಗೀತೈತಿ. ಆರು ಯಾಕ ಬರದೀ?"

"ಕಟ್ ಮಾಡೂದ್ರಾಗ ಹಾಳ ಆಗತೈತ್ರೀ ಅಕ್ಕಾರ."

"ಹಾಳ ಆಗಾಕ ಹತ್ತಡಿ ಬಿಟ್ಟೀವಲ್ಲ?"

ಅವನು ನಕ್ಕ. ಚೀಟಿ ತಿದ್ದಿದ. ಒಂದು ಪೈಪಿಗೆ 300 ರೂಪಾಯಿ ಹಿಡಿದಿದ್ದ. ಅಕ್ಕನಿಗೆ 600 ರೂಪಾಯಿ ಉಳಿಯಿತು. ಅವನನ್ನು ಮೋಸಗಾರ ಎಂದು ನಾನು ಹೇಳುವುದಿಲ್ಲ. ಕಣ್ಣಳತೆಯಲ್ಲಿ ಬರೆದರೆ ಹೀಗೇ ಹೆಚ್ಚು ಕಡಿಮೆ ಆಗುತ್ತದೆ.

ವಾಯರಿನ ಲೆಕ್ಕದಲ್ಲಿ ನಾವೇ ತಪ್ಪಿದೆವು. ಬೋರ್ಡಿನಿಂದ ಪ್ಲಗ್ಗಿಗೆ 12 ಅಡಿ. ನಾವು ವಾಯರು 12 ಅಡಿ ಎಂದು ಬರೆದೆವು. ವಾಯರಿನ ಕೆಲಸದವನು 36 ಎಂದ. ಅವನದೇ ಸರಿ. ಪ್ಲಗ್ಗಿಗೆ ಮೂರು ವಾಯರು ಹೋಗುತ್ತವೆ.

"ಮೂರನೇದು ಬ್ಯಾಡ ಬಿಡ್ರಿ, ರೊಕ್ಕ ಉಳೀತೈತಿ," ಅಂದರು ಅಕ್ಕ.

ಬೇಡ ಎನ್ನಬಾರದು. ಮೂರನೆಯದು ಅರ್ಥಿಂಗ್ ವಾಯರು. ಇಸ್ತ್ರಿ ಪೆಟ್ಟಿಗೆಯ ಮೈಗೆ ಕರೆಂಟು ಬಂದರೆ ಅದನ್ನು ನೆಲಕ್ಕೆ ಒಯ್ಯುವುದು ಇದೇ. ಇದು ಇಲ್ಲದಿದ್ದರೆ ಮುಟ್ಟಿದವರಿಗೆ ಕರೆಂಟು ಹೊಡೆಯುತ್ತದೆ. ಜೀವ ಹೋಗಬಹುದು.

ಶಾಲೆ, ಅಂಗನವಾಡಿಗೂ ಇದೇ ಲೆಕ್ಕ. ಕೆಲಸ ಆದ ಮೇಲೆ ಅಳೆದು 'ಅಳತೆ ಪುಸ್ತಕ'ದಲ್ಲಿ ಬರೆಯುತ್ತಾರೆ. ಅದರಂತೆ ಬಿಲ್ಲು ಆಗುತ್ತದೆ. 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು. ಆ ಪುಟದ ಪ್ರತಿ ಕೊಡಿರಿ ಎಂದು ನಾವೂ ಅರ್ಜಿ ಬರೆದು ಕೇಳಬಹುದು.

ಲೆಕ್ಕ ಮಾಡಿರಿ:
ಬೋರ್ಡಿನಿಂದ ಮಿಕ್ಸರ್ ಪ್ಲಗ್ಗಿಗೆ 9 ಅಡಿ. ಒಟ್ಟು ವಾಯರು ಎಷ್ಟು ಅಡಿ?
ನಳದಿಂದ ದನದ ದೋಣಿಗೆ 45 ಅಡಿ. 20 ಅಡಿಯ ಪೈಪು ಎಷ್ಟು ತರಬೇಕು?