ಹಿಡಿದು ಬಿಡುವ ಗಾಳ: ಹೊಸಬರಿಗೆ ಮೊದಲ ಪಾಠ

ಅಮಾಸೆಬೈಲಿನ ಮಕ್ಕಳಿಗೆ ಮೀನು ಹಿಡಿಯುವುದನ್ನು ಶಾಲೆಯಲ್ಲಿ ಹೇಳಿಕೊಡಬೇಕಾಗಿಲ್ಲ. ಮುಂಗಾರಿನ ಮೊದಲ ಜಡಿಮಳೆಗೆ ತೋಡು ತುಂಬಿ ನೀರು ಗದ್ದೆಗೆ ಏರಿತೆಂದರೆ ಸಾಕು, ಹತ್ತ್‌ಮೀನಿಗೆ, ಅಂದರೆ ಹೊಸ ನೀರಿಗೆ ಹತ್ತಿ ಬರುವ ಮೀನಿಗೆ, ಹೊರಟವರ ಟಾರ್ಚುಗಳು ಬೈಲಿನ ತುಂಬ ಮಿಣುಕುತ್ತವೆ. ಬೇಸಗೆ ಬಂದರೆ ಎರೆಹುಳ ಚುಚ್ಚಿದ ಗಾಳ ಹಿಡಿದು ಹೊಳೆಗುಂಡಿಯ ಬಂಡೆಯ ಮೇಲೆ ಕೂರುವ ಗೀಳು. ಇಂಥ ಊರಿನ ತರಗತಿಯಲ್ಲಿ, "ಕೆಲವರು ದುಡ್ಡು ಕೊಟ್ಟು, ಜೊತೆಗೊಬ್ಬ ಗೈಡನ್ನು ಇಟ್ಟುಕೊಂಡು ಮೀನು ಹಿಡಿಯಲು ಹೋಗುತ್ತಾರೆ, ಹಿಡಿದದ್ದನ್ನು ಮತ್ತೆ ನೀರಿಗೇ ಬಿಡುತ್ತಾರೆ" ಎಂದು ಹೇಳಿ ನೋಡಿ. ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದೇ ಬರುತ್ತದೆ: "ಹಿಡ್ದ್ ಮೀನ್ ಬಿಡೂಕೆ ದುಡ್ಡ್ ಕೊಡ್ಕಾ ಸರ್?"

ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ನಿಧಾನವಾಗಿ ಉತ್ತರ ಹುಡುಕುವುದೇ ಈ ಲೇಖನದ ಕೆಲಸ. ಗಾಳವನ್ನೇ ಮುಟ್ಟದವರೂ ಓದಬಹುದು.

ದುಡ್ಡು ಯಾವುದಕ್ಕೆ?

ಈ ಹವ್ಯಾಸ ದೊಡ್ಡ ಉದ್ಯಮವಾಗಿ ಬೆಳೆದ ಕಡೆಗಳಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳೂ ಸೇರಿವೆ. ಫ್ಲಾರಿಡಾದ ಒಕಿಚೋಬಿ ಸರೋವರದಂಥ ಬೆಚ್ಚನೆಯ, ಆಳವಿಲ್ಲದ, ಜೊಂಡು ತುಂಬಿದ ನೀರಿನಲ್ಲಿ ಲಾರ್ಜ್‌ಮೌತ್ ಬಾಸ್ ಎಂಬ ದೊಡ್ಡ ಬಾಯಿಯ ಮೀನಿದೆ. ಅದು ಬೇಟೆಯನ್ನು ಅಟ್ಟಿಸಿಕೊಂಡು ಹೋಗುವುದು ಕಡಿಮೆ. ಮುಳುಗಿದ ಮರದ ದಿಮ್ಮಿಯ ಪಕ್ಕದಲ್ಲೋ ಜೊಂಡಿನ ಅಂಚಿನಲ್ಲೋ ಹೊಂಚು ಹಾಕಿ ನಿಂತು, ಹತ್ತಿರ ಸುಳಿದ ಸಣ್ಣ ಮೀನನ್ನು ಒಮ್ಮೆಲೇ ಬಾಯಿಗೆ ಎಳೆದುಕೊಳ್ಳುತ್ತದೆ. ನಮ್ಮ ಕೆರೆಗಳ ಕೊರಮೀನನ್ನು ಬಲ್ಲವರಿಗೆ ಈ ಗುಣ ಹೊಸದಲ್ಲ. ಇನ್ನೊಂದು ಹೋಲಿಕೆಯೂ ಇದೆ. ಬಾಸ್‌ನ ಗಂಡು ತಳದಲ್ಲಿ ಗೂಡು ಮಾಡಿ ಮೊಟ್ಟೆ, ಮರಿಗಳನ್ನು ಕಾಯುತ್ತದೆ. ಕೊರಮೀನೂ ತನ್ನ ಕೆಂಪು ಮರಿಗಳ ಹಿಂಡನ್ನು ಬಿಡದೆ ಕಾಯುತ್ತದೆ. ಕಾಯುವ ಹೊತ್ತಿನಲ್ಲಿ ತಾಯಿಯನ್ನೋ ತಂದೆಯನ್ನೋ ಎತ್ತಿದರೆ ಆ ಹಿಂಡಿಗೆ ದಿಕ್ಕಿಲ್ಲ.

ಒಕಿಚೋಬಿಯಂಥ ದೊಡ್ಡ ಸರೋವರದಲ್ಲಿ ಮೀನು ಎಲ್ಲಿದೆ ಎಂಬುದು ಹೊಸಬನಿಗೆ ಗೊತ್ತಾಗುವುದು ಹೇಗೆ? ಅಲ್ಲಿ ಗೈಡ್ ಬೇಕಾಗುತ್ತಾನೆ. ದೋಣಿ, ಗಾಳದ ಕೋಲು, ಜೀವಂತ ಎರೆ ಎಲ್ಲ ಅವನದೇ. ಬೆಳಿಗ್ಗೆ ಗಾಳಿ ಯಾವ ಕಡೆಯಿಂದ ಬೀಸಿತು, ನೀರು ಎಷ್ಟು ಬೆಚ್ಚಗಾಗಿದೆ, ಹಿಂದಿನ ವಾರ ಮೀನು ಎಲ್ಲಿತ್ತು ಎಂದು ಲೆಕ್ಕ ಹಾಕುವವನೂ ಅವನೇ. ಯಕ್ಷಗಾನದಲ್ಲಿ ಕುಣಿಯುವುದು ವೇಷಧಾರಿಯಾದರೂ ಆಟವನ್ನು ನಡೆಸುವವರು ಭಾಗವತರಲ್ಲವೇ, ಹಾಗೆಯೇ ಇದು. ಕೊಡುವ ದುಡ್ಡು ಆ ನೀರಿನ ಜ್ಞಾನಕ್ಕೆ.

ಹಿಡಿದು ಬಿಡುವ ಪದ್ಧತಿಗೂ ಅಲ್ಲಿ ಒಂದು ಚರಿತ್ರೆ ಇದೆ. 1968ರಲ್ಲಿ ಬಾಸ್ ಗಾಳಗಾರರ ಸಂಘ ಕಟ್ಟಿದ ರೇ ಸ್ಕಾಟ್, 1972ರಿಂದ ತನ್ನ ಪಂದ್ಯಗಳಲ್ಲಿ ಮೀನನ್ನು ಕೊಲ್ಲದೆ ಹಿಂದಕ್ಕೆ ಬಿಡುವುದನ್ನು ರೂಢಿಗೆ ತಂದ. ಒಂದು ಎಚ್ಚರದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಈ ಮೀನು ನಮ್ಮದಲ್ಲ, ನಮಗೆ ಬೇಡವೂ ಬೇಡ. 1925ರಲ್ಲಿ ಜಪಾನಿನ ಒಂದು ಸರೋವರಕ್ಕೆ ತಂದು ಬಿಟ್ಟದ್ದು ಅಲ್ಲಿನ ಸ್ಥಳೀಯ ಮೀನುಗಳಿಗೆ ಮಾರಿಯಾಗಿ, ಕೊನೆಗೆ ಅದನ್ನು ಕಾನೂನಿನಿಂದಲೇ ತಡೆಯಬೇಕಾಯಿತು. ನಮ್ಮ ಹೊಳೆಗೆ ನಮ್ಮ ಮೀನೇ ಸಾಕು.

ನಮ್ಮ ಮೀನು: ಮಹಶೀರ್

ಕರ್ನಾಟಕದಲ್ಲಿ ಗೈಡ್ ಜೊತೆಗಿನ ಗಾಳದ ಪ್ರವಾಸ ಎಂದರೆ ಮಹಶೀರ್. ಕಾವೇರಿಯ ಕಡೆ ಬಿಳಿಮೀನು ಎನ್ನುವವರೂ ಇದ್ದಾರೆ. ಅಂಗೈಯಗಲದ ಹೊಳೆಯುವ ಹುರುಪೆ, ದಪ್ಪ ತುಟಿ, ಮೂತಿಯ ಬಳಿ ಮೀಸೆ. ದವಡೆಯಲ್ಲಿ ಹಲ್ಲಿಲ್ಲ, ಆದರೆ ಗಂಟಲಿನೊಳಗಿನ ಹಲ್ಲುಗಳು ಏಡಿಯ ಚಿಪ್ಪನ್ನೂ ಪುಡಿ ಮಾಡುತ್ತವೆ. ನೀರು ಸೆಳೆಯುವ, ಬಂಡೆ ತುಂಬಿದ ಹೊಳೆ ಇದಕ್ಕೆ ಇಷ್ಟ. ಗಾಳ ಕಚ್ಚಿತೆಂದರೆ ಪ್ರವಾಹದ ದಿಕ್ಕಿಗೆ ಒಂದೇ ಓಟ.

ಇದರ ಕೀರ್ತಿಯನ್ನು ಲೋಕಕ್ಕೆ ಮುಟ್ಟಿಸಿದ ಪುಸ್ತಕ ಹೊರಬಂದದ್ದು ನಮ್ಮ ಕರಾವಳಿಯಿಂದ ಎಂಬುದು ಅನೇಕರಿಗೆ ತಿಳಿಯದು. ಕುಂದಾಪುರವೂ ಸೇರಿದ್ದ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ 1870ರಲ್ಲಿ ಜಿಲ್ಲೆಯ ಮೀನು ಸಾಕಣೆಯ ಬಗ್ಗೆ ವರದಿ ಬರೆದರು. 1873ರಲ್ಲಿ ಅವರ 'ದಿ ರಾಡ್ ಇನ್ ಇಂಡಿಯಾ' ಮಂಗಳೂರಿನಲ್ಲಿ ಪ್ರಕಟವಾಯಿತು. ಭಾರತದಲ್ಲಿ ಗಾಳ ಹಾಕಬಯಸುವ ಹೊಸಬರಿಗೆಂದೇ ಬರೆದ ಆ ಪುಸ್ತಕದಲ್ಲಿ ಮಹಶೀರ್‌ಗೆ ಅಗ್ರಸ್ಥಾನ.

ದಾಖಲೆಯ ಮೀನುಗಳೂ ನಮ್ಮ ನಾಡಿನವೇ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಒಬ್ಬರು ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕೆಜಿ ತೂಕದ ಮಹಶೀರ್ ಹಿಡಿದರು. ಆಮೇಲೆ ಅಣೆಕಟ್ಟು, ಸಿಡಿಮದ್ದು, ವಿಷಗಳಿಂದ ಇಂಥ ಮೀನು ಮುಗಿದೇಹೋಯಿತು ಎಂದು ಹಲವರು ತಿಳಿದಿದ್ದರು. 1978ರ ಸುಮಾರಿಗೆ ಬ್ರಿಟನ್ನಿನ ಒಂದು ತಂಡ ಕಾವೇರಿಗೆ ಬಂದು 92 ಪೌಂಡಿನ ಮೀನು ಹಿಡಿದಾಗ ಮತ್ತೆ ಆಸೆ ಚಿಗುರಿತು. 1980ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್, ಶಿವನಸಮುದ್ರ ಮತ್ತು ಮೇಕೆದಾಟುಗಳ ನಡುವಿನ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಶಿಬಿರ ನಡೆಸಿತು. ಹಿಡಿದ ಮಹಶೀರ್ ಬಿಡಲೇಬೇಕು ಎಂಬುದು ಅಲ್ಲಿನ ನಿಯಮವಾಗಿತ್ತು.

ಒಂದು ದಿನದ ಕೆಲಸ

ಆ ಶಿಬಿರಗಳಲ್ಲಿ ರೂಢಿಯಾಗಿದ್ದ ಕ್ರಮವನ್ನು ಹೊಸಬರು ತಿಳಿದಿರುವುದು ಒಳ್ಳೆಯದು. ಕಾಲ ಹೆಚ್ಚಾಗಿ ಜನವರಿಯಿಂದ ಮಾರ್ಚ್. ಆಗ ನೀರು ಇಳಿದು ತಿಳಿಯಾಗಿರುತ್ತದೆ. ಮಳೆಗಾಲ ಮಹಶೀರ್ ಮೊಟ್ಟೆಯಿಡಲು ಮೇಲಕ್ಕೆ ಹತ್ತುವ ಕಾಲ, ಆಗ ಗಾಳ ಮುಟ್ಟುವಂತಿಲ್ಲ.

ಮೊದಲು ಎರೆ. ರಾಗಿಹಿಟ್ಟನ್ನು ಗಟ್ಟಿಯಾಗಿ ಕಲಸಿ, ಉಂಡೆ ಮಾಡಿ ಬೇಯಿಸಿ, ಮತ್ತೆ ನಾದುತ್ತಾರೆ. ಮೆದುವಾದರೆ ಪ್ರವಾಹಕ್ಕೆ ಕರಗಿಹೋಗುತ್ತದೆ, ಗಡುಸಾದರೆ ಗಾಳದ ಮೊನೆ ಹೊರಬರುವುದಿಲ್ಲ. ಬೆರಳಿನಿಂದ ಒತ್ತಿದರೆ ತಗ್ಗು ಬಿದ್ದು ಹಾಗೆಯೇ ಉಳಿಯಬೇಕು. ಆ ಹದ ಬರುವ ತನಕ ಗೈಡ್ ಬಿಡುವುದಿಲ್ಲ. ನಿಂಬೆಹಣ್ಣಿನಷ್ಟು ತೆಗೆದುಕೊಂಡು ಗಾಳವನ್ನು ಪೂರ್ತಿ ಮುಚ್ಚುತ್ತಾರೆ. ಹೊಳೆಯ ಏಡಿ, ಸಣ್ಣ ಮೀನುಗಳೂ ಎರೆಯಾಗುತ್ತವೆ.

ದಾರ ನಮ್ಮ ತಂಗೂಸೇ, ಆದರೆ ಹಲವು ಪಟ್ಟು ಗಟ್ಟಿ. ಸೀಸದ ತೂಕವನ್ನು ಮುಖ್ಯ ದಾರಕ್ಕಿಂತ ತೆಳುವಾದ ಎಳೆಯಲ್ಲಿ ಕಟ್ಟಿರುತ್ತಾರೆ. ಸೀಸ ಬಂಡೆಯ ಸಂದಿಗೆ ಸಿಕ್ಕಿಕೊಂಡರೆ ಆ ಎಳೆ ಮಾತ್ರ ಹರಿಯುತ್ತದೆ, ಮೀನು ತಪ್ಪುವುದಿಲ್ಲ, ಉದ್ದನೆಯ ದಾರ ಹೊಳೆಯಲ್ಲಿ ಉಳಿಯುವುದೂ ಇಲ್ಲ. ರೀಲಿನಲ್ಲಿ ಒಂದು ತಿರುಪು ಇರುತ್ತದೆ, ಡ್ರ್ಯಾಗ್ ಎನ್ನುತ್ತಾರೆ. ಮೀನು ಜೋರಾಗಿ ಎಳೆದಾಗ ದಾರ ಹರಿಯದೆ ಬಿಗಿಯಾಗಿಯೇ ಬಿಚ್ಚಿಕೊಳ್ಳುವಷ್ಟು ಅದನ್ನು ಹದ ಮಾಡಬೇಕು. ಹೊಸಬರು ಸೋಲುವುದು ಇಲ್ಲೇ. ಮೀನು ಓಡುವಾಗ ಹೆದರಿ ತಿರುಪು ಬಿಗಿ ಮಾಡುತ್ತಾರೆ, ದಾರ ತುಂಡಾಗುತ್ತದೆ. ಓಡುವಾಗ ಓಡಲು ಬಿಡಿ, ನಿಂತಾಗ ಸುತ್ತಿ. ಇಷ್ಟೇ ಸೂತ್ರ.

ಬಂಡೆಯ ಮೇಲಿಂದಲೋ ಹರಿಗೋಲಿನಿಂದಲೋ ಗಾಳ ಎಸೆದ ಮೇಲೆ ದಾರವನ್ನು ಬೆರಳಿನ ಮೇಲೆ ಹಾಯಿಸಿಕೊಂಡು ಕೂರಬೇಕು. ಸಣ್ಣ ಮೀನು ಉಂಡೆಯನ್ನು ಕುಕ್ಕುವುದು ಬೆರಳಿಗೆ ಟಕಟಕ ಎಂದು ತಿಳಿಯುತ್ತದೆ, ಅದಕ್ಕೆ ಅಲುಗಾಡಬಾರದು. ದೊಡ್ಡದು ಬಂದರೆ ಕೇಳಬೇಕಾಗಿಲ್ಲ. ಕೋಲು ಬಾಗಿ ರೀಲು ಕಿರುಚುತ್ತದೆ. ಮೀನು ಬಂಡೆಯ ಆಚೆ ನುಗ್ಗಿದರೆ ಗೈಡ್ ಹರಿಗೋಲು ಹಾಕಿ ಅದರ ಹಿಂದೆಯೇ ಹೋಗುತ್ತಾನೆ. ಯಾವ ಸುಳಿಗೆ ಎಷ್ಟು ದೂರದಿಂದ ತಿರುಗಬೇಕು ಎಂಬುದು ಅವನಿಗೆ ಗೊತ್ತು, ನಮಗೆ ಗೊತ್ತಿಲ್ಲ.

ಬಿಡುವುದೂ ಒಂದು ವಿದ್ಯೆ

ಹಿಡಿದ ಮೀನನ್ನು ಎಸೆದುಬಿಟ್ಟರೆ ಬಿಟ್ಟಂತಾಗುವುದಿಲ್ಲ. ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಒಣ ಕೈ, ಒಣ ಬಟ್ಟೆ ಮೀನಿನ ಮೈಲೋಳೆಯನ್ನು ಕಿತ್ತು ಹಾಕಿದರೆ ಅಲ್ಲಿ ರೋಗ ಹತ್ತುತ್ತದೆ. ಸಾಧ್ಯವಾದಷ್ಟು ನೀರಿನೊಳಗೇ ಇಟ್ಟು ಗಾಳ ತೆಗೆಯಿರಿ. ಹಿಮ್ಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿ ಮಟ್ಟ ಮಾಡಿದ ಗಾಳವಾದರೆ ಸುಲಭವಾಗಿ ಕಳಚುತ್ತದೆ. ಕಿವಿರಿಗೆ ಬೆರಳು ಹಾಕಿ ಎತ್ತಬಾರದು. ಫೋಟೋ ಬೇಕಿದ್ದರೆ ನೀವು ಉಸಿರು ಬಿಗಿಹಿಡಿಯಬಲ್ಲಷ್ಟು ಹೊತ್ತು ಮಾತ್ರ, ಹೊಟ್ಟೆಯ ಅಡಿಗೆ ಕೈಕೊಟ್ಟು ಅಡ್ಡಲಾಗಿ ಹಿಡಿಯಿರಿ. ಆಮೇಲೆ ಮೂತಿಯನ್ನು ಪ್ರವಾಹಕ್ಕೆ ಎದುರಾಗಿ ಹಿಡಿದು ಕಾಯಿರಿ. ನೀರು ಬಾಯಿಂದ ಕಿವಿರಿಗೆ ಹಾದು ಮೀನಿಗೆ ಉಸಿರು ತಿರುಗುತ್ತದೆ. ಬಾಲ ತಾನಾಗಿ ಬಲ ತಂದು ನಿಮ್ಮ ಕೈ ಬಿಡಿಸಿಕೊಳ್ಳುವ ತನಕ ನೀವಾಗಿ ಬಿಡಬೇಡಿ.

ಹೀಗೆ ಬಿಟ್ಟ ಮೀನಿನಿಂದ ಏನು ಬಂತು? ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಪ್ರತಿ ಮೀನನ್ನೂ ಬರೆದಿಟ್ಟರು. 23,000ಕ್ಕೂ ಹೆಚ್ಚು ಗಂಟೆಗಳ ಗಾಳ, 6,161 ಮಹಶೀರ್, ಎಲ್ಲವೂ ಹಿಂದಕ್ಕೆ. ಈ ದಾಖಲೆ ಪುಸ್ತಕಗಳನ್ನು ವಿಜ್ಞಾನಿಗಳು ತೆರೆದಾಗ ಒಂದು ಕಹಿ ಸತ್ಯ ಹೊರಬಂತು. ಒಟ್ಟು ಮೀನು ಹೆಚ್ಚುತ್ತಿದ್ದರೂ, ಕಾವೇರಿಯ ಕಣಿವೆಗೇ ಸೇರಿದ ಗೂನುಬೆನ್ನಿನ ಮಹಶೀರ್ ವರ್ಷದಿಂದ ವರ್ಷಕ್ಕೆ ಕುಸಿಯುತ್ತಿತ್ತು. ಹೆಚ್ಚುತ್ತಿದ್ದದ್ದು ಸಾಕಣೆ ಕೇಂದ್ರದಿಂದ ತಂದು ಬಿಟ್ಟ ಇನ್ನೊಂದು ಜಾತಿ. ಒಳ್ಳೆಯದೆಂದು ಬಿಟ್ಟ ಮರಿಗಳೂ ಸ್ಥಳೀಯ ಮೀನಿಗೆ ಪೈಪೋಟಿಯಾಗಬಹುದು ಎಂಬ ಪಾಠ ಅದು. ಗೂನುಬೆನ್ನಿನ ಮೀನನ್ನು ಟಾರ್ ರೆಮಾದೇವಿ ಎಂಬ ಜಾತಿಯೆಂದು ಗುರುತಿಸಿದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರವಾಗಿ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಗಾಳಗಾರರ ದಾಖಲೆ ಇಲ್ಲದಿದ್ದರೆ ಈ ಕುಸಿತ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಆ ಶಿಬಿರಗಳು ಕಾವೇರಿ ವನ್ಯಜೀವಿ ಧಾಮದ ಒಳಗಿದ್ದವು. ವನ್ಯಜೀವಿ ಕಾನೂನಿನಲ್ಲಿ ಹಿಡಿಯುವುದೂ ಬೇಟೆಯೇ ಎಂಬ ನೆಲೆಯಲ್ಲಿ 2012ರ ಹೊತ್ತಿಗೆ ಅಲ್ಲಿ ಗಾಳ ನಿಂತಿತು. ಕಾನೂನಿನ ಮಾತು ಸರಿ. ಆದರೆ ಹೊಳೆಯ ದಂಡೆಯಲ್ಲಿ ದಿನವಿಡೀ ಇರುತ್ತಿದ್ದ ಗೈಡುಗಳು ಸಿಡಿಮದ್ದಿನವರ ವಿರುದ್ಧ ಹೊಳೆಗೆ ಕಾವಲೂ ಆಗಿದ್ದರು, ಅವರಲ್ಲಿ ಕೆಲವರು ಹಿಂದೆ ತಾವೇ ಕಳ್ಳತನದಿಂದ ಮೀನು ಹಿಡಿದವರು. ಆ ಕಾವಲು ಹೋದ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಧಾಮದ ಹೊರಗೆ, ಕೊಡಗಿನ ವಾಲ್ನೂರಿನ ಬಳಿ ಕಾವೇರಿಯ ಒಂದು ಪಾತ್ರವನ್ನು ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಪರವಾನಗಿ ಪದ್ಧತಿಯಲ್ಲಿ ಬಹುಕಾಲ ನೋಡಿಕೊಂಡು ಬಂದಿದೆ. ಹೋಗಬಯಸುವವರು ಆ ವರ್ಷದ ನಿಯಮವನ್ನು ಮೊದಲು ಕೇಳಿಕೊಂಡೇ ಹೊರಡಬೇಕು.

ಗೈಡನ್ನು ಗೊತ್ತು ಮಾಡುವ ಮುಂಚೆ ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಈ ನೀರಿನಲ್ಲಿ ಗಾಳಕ್ಕೆ ಅನುಮತಿ ಇದೆಯೇ, ಪರವಾನಗಿ ಯಾರ ಹೆಸರಿನಲ್ಲಿ? ಈಜು ಬಾರದವರಿಗೆ ಲೈಫ್ ಜಾಕೆಟ್ ಇದೆಯೇ? ಮೀನನ್ನು ಹೇಗೆ ಬಿಡುತ್ತೀರಿ? ಮೀನು ಸಿಗದಿದ್ದರೆ ಏನು? ಕೊನೆಯ ಪ್ರಶ್ನೆಗೆ "ಸಿಕ್ಕೇ ಸಿಗುತ್ತದೆ" ಎನ್ನುವವರನ್ನು ನಂಬಬೇಡಿ.

ನಮ್ಮ ಹೊಳೆಗೆ ಬಂದರೆ

ಅಮಾಸೆಬೈಲಿನ ಸುತ್ತಮುತ್ತ ನೀರಿಗೆ ಬಡತನವಿಲ್ಲ. ಒಂದು ಕಡೆ ಸೀತಾನದಿ, ಇನ್ನೊಂದು ಕಡೆ ವಾರಾಹಿ, ಕಮಲಶಿಲೆಯಲ್ಲಿ ಕುಬ್ಜೆ. ಆದರೆ ಎಲ್ಲ ನೀರೂ ಗಾಳಕ್ಕಲ್ಲ. ಸೋಮೇಶ್ವರ ವನ್ಯಜೀವಿ ಧಾಮದ ಒಳಗೆ ಗಾಳ ಹಾಕುವಂತಿಲ್ಲ. ದೇವಸ್ಥಾನಗಳ ನೀರಿನ ಮೀನಿಗೆ ಊರಿನವರೇ ಕಾವಲು. ಕೆರಾಡಿಯ ಮೂಡುಗಲ್ಲು ಗುಹೆಯ ನೀರಿನಲ್ಲಿ ಮೀನುಗಳು ಭಕ್ತರ ಕಾಲ ಬಳಿಯೇ ಸುಳಿದಾಡುತ್ತವೆ. ಆ ಕಾವಲೂ ಒಮ್ಮೊಮ್ಮೆ ಸಾಲದು. ಬೆಳ್ತಂಗಡಿಯ ಶಿಶಿಲದಲ್ಲಿ, ಕಪಿಲೆಯ ದೇವರ ಮೀನುಗಳಿಗೆ 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮಹಶೀರ್ ಸತ್ತವು. ಊರಿನವರು ಅವುಗಳ ನೆನಪಿಗೆ ಸ್ಮಾರಕ ಕಟ್ಟಿದರು.

ಹೊಳೆಗೆ ವಿಷ ಹಾಕುವುದು, ಸಿಡಿಮದ್ದು ಎಸೆಯುವುದು ಅಪರಾಧ. ಹಾಗೆ ಮಾಡಿದ ಗುಂಡಿಯಲ್ಲಿ ದೊಡ್ಡ ಮೀನಿನ ಜೊತೆಗೆ ಮರಿ, ಏಡಿ, ಸಿಗಡಿ ಎಲ್ಲವೂ ಒಂದೇ ದಿನ ಮುಗಿಯುತ್ತವೆ. ಗಾಳದವನು ಒಂದೊಂದೇ ಮೀನನ್ನು ನೋಡುತ್ತಾನೆ, ಬೇಡವಾದದ್ದನ್ನು ಬಿಡುತ್ತಾನೆ, ನಾಳೆಯೂ ಅದೇ ಬಂಡೆಗೆ ಬರಬೇಕಾಗಿರುವುದರಿಂದ ಹೊಳೆ ಕೆಡುವುದು ಅವನಿಗೇ ಮೊದಲು ತಿಳಿಯುತ್ತದೆ.

ಆದ್ದರಿಂದ ಹಿಂದಿನ ಬೆಂಚಿನ ಹುಡುಗನಿಗೆ ನನ್ನ ಉತ್ತರ ಇದು: ಹೌದು ಮಗ, ಬಿಡುವುದಕ್ಕೂ ದುಡ್ಡು ಕೊಡಬಹುದು, ಏಕೆಂದರೆ ಬಿಟ್ಟ ಮೀನು ನಾಳೆ ಇನ್ನೊಬ್ಬ ಗೈಡಿಗೆ ಕೂಲಿ ಕೊಡುತ್ತದೆ. ಕುಂದಾಪುರದ ಹೊಳೆಗಳಲ್ಲಿ ಎಂದಾದರೂ ಇಂಥ ಪ್ರವಾಸ ಶುರುವಾಗುವುದಾದರೆ ಗೈಡ್ ಹೊರಗಿನಿಂದ ಬರಬಾರದು, ಈ ಊರಿನ ಹುಡುಗರೇ ಆಗಬೇಕು. ಅದಕ್ಕೆ ತಯಾರಿ ಇಂದೇ ಶುರು ಮಾಡಬಹುದು. ಊರಿನ ಹಿರಿಯರನ್ನು ಕೇಳಿ, ಯಾವ ಗುಂಡಿಯಲ್ಲಿ ಯಾವ ಮೀನು, ಯಾವ ತಿಂಗಳು ಹತ್ತುತ್ತದೆ, ಯಾವಾಗ ಮರಿ ಕಾಣುತ್ತದೆ ಎಂದು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಮರಿ ಕಾಯುವ ಕೊರಮೀನನ್ನು, ಮೊಟ್ಟೆ ತುಂಬಿ ಹೊಳೆ ಹತ್ತುವ ದೊಡ್ಡ ಮೀನನ್ನು ಈ ಮಳೆಗಾಲದಲ್ಲಿ ಹಾಗೆಯೇ ಬಿಡಿ. ಗಾಳ, ರೀಲುಗಳನ್ನು ಆಮೇಲೆ ಕೊಳ್ಳೋಣ.