ಗುಣಾಕಾರದ ಚಪಲ

ನೀನು ಮೊನ್ನೆ ತೋರಿಸಿದ ಚಿತ್ರ ಚೆನ್ನಾಗಿತ್ತು ಮಾರಾಯ. ಸ್ಕಾಟ್ಲೆಂಡಿನ ಪೆಂಟ್‌ಲೆಂಡ್ ಜಲಸಂಧಿ, ಸಮುದ್ರದ ತಳದಲ್ಲಿ ಸಾಲುಸಾಲು ಟರ್ಬೈನು, ಕೆಂಪು ನೀಲಿ ನೀರು. ಆದರೆ ಒಂದು ಟರ್ಬೈನಿನ ವಿದ್ಯುತ್ತನ್ನು ನೂರರಿಂದ ಗುಣಿಸಿಬಿಟ್ಟೆಯಲ್ಲ, ಅಲ್ಲಿ ನನಗೆ ನಗು ತಡೆಯಲಾಗಲಿಲ್ಲ.

ನಗುವ ಹಕ್ಕು ನನಗಿದೆ. ನಿನ್ನ ವಯಸ್ಸಿನಲ್ಲಿ ನಾನು ತೂಬಿನ ಬಾಯಲ್ಲಿ ನೀರು ಅಳೆದು, ಕಾಗದದ ಮೇಲೆ ಇಡೀ ನಾಲೆಯ ಗದ್ದೆ ನೆನೆಸಿದವನು. ಕೊನೆಯ ಭಾಗದ ರೈತನೊಬ್ಬ ನನ್ನನ್ನು ಬಿರುಕುಬಿಟ್ಟ ಗದ್ದೆಯಲ್ಲಿ ನಿಲ್ಲಿಸಿ, "ಸ್ವಾಮಿ, ಆ ಕಾಗದ ಹಿಂಡಿ, ಒಂದು ಬೊಗಸೆ ಬರುತ್ತದಾ ನೋಡೋಣ" ಅಂದ.

ಸಮುದ್ರದಲ್ಲೂ ಕೊನೆಗದ್ದೆಗಳಿವೆ, ತಿಳಿದುಕೋ. ಮುಂದಿನ ಟರ್ಬೈನು ತನ್ನ ಪಾಲು ತಿಂದ ಮೇಲೆ ಹಿಂದಿನದಕ್ಕೆ ಸಿಗುವುದು ಸೋತು ಸುಳಿದಾಡುವ ನೀರು. ಅದು ಚೇತರಿಸಿಕೊಳ್ಳಲು ಚಕ್ರದ ವ್ಯಾಸದ ಹತ್ತಿಪ್ಪತ್ತು ಪಟ್ಟು ದೂರ ಬೇಕಾಗುತ್ತದೆ. ಪೆಂಟ್‌ಲೆಂಡಿನ ಮೇಜೆನ್ ಟರ್ಬೈನು ಯೋಜನೆಯ ಚಕ್ರಗಳ ಅಗಲ 18 ಮೀಟರ್. ನೀನು ಲೆಕ್ಕ ಹಾಕಿಕೋ. ಪಕ್ಕಪಕ್ಕ ನಿಲ್ಲಿಸಿದರೆ ಕಥೆಯೇ ಬೇರೆ. ಇಕ್ಕಟ್ಟಿನಲ್ಲಿ ನೀರು ತಪ್ಪಿಸಿಕೊಳ್ಳಲಾಗದೆ ಚಕ್ರದೊಳಗೇ ನುಗ್ಗುತ್ತದೆ. ಬಯಲಿನ ಗಾಳಿಯಂತ್ರ ಹರಿವಿನ ಶಕ್ತಿಯಲ್ಲಿ ಹಿಡಿಯಬಹುದಾದ ಪಾಲಿಗೆ ವಿಜ್ಞಾನಿ ಬೆಟ್ಜ್ ಹಾಕಿಟ್ಟ 59.3 ಶೇಕಡಾದ ಗೆರೆಯನ್ನೂ ಅಲ್ಲಿ ದಾಟಬಹುದು. ಹಾಗೆಂದು ಕುಣಿಯಬೇಡ. ಇಡೀ ಜಲಸಂಧಿಗೇ ಒಂದು ಮಿತಿಯಿದೆ. ವಿಜ್ಞಾನಿಗಳಾದ ಗ್ಯಾರೆಟ್ ಮತ್ತು ಕಮಿನ್ಸ್ 2005ರಲ್ಲಿ ತೋರಿಸಿದ್ದು ಅದನ್ನೇ: ಟರ್ಬೈನು ಹೆಚ್ಚಿದಷ್ಟೂ ಹರಿವು ಕುಗ್ಗುತ್ತದೆ, ಒಂದು ಹಂತ ದಾಟಿದರೆ ಇನ್ನೊಂದನ್ನು ಇಳಿಸಿದ್ದಕ್ಕೆ ಒಟ್ಟು ವಿದ್ಯುತ್ತೇ ಇಳಿಯುತ್ತದೆ. ದುಡ್ಡು ಕೊಟ್ಟು ನಷ್ಟ ತಂದಂತೆ.

ಇನ್ನು ನಿನ್ನ ವೇಗದ ಅಂಕಿ. ಎಲ್ಲಿಂದ ತಂದೆ ಅಂತ ಕೇಳಿದ್ದಕ್ಕೆ "ಸರಾಸರಿ ಅಜ್ಜ" ಅಂದೆ. ಸರಾಸರಿಯಲ್ಲಿ ಈಜಿದವನು ಮುಳುಗುತ್ತಾನೆ ಕಣೋ! ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಸೆಕೆಂಡಿಗೆ 2 ಮೀಟರ್ ಹರಿಯುವಲ್ಲಿ ಎಂಟು ಪಾಲಿದ್ದರೆ, 3 ಮೀಟರ್ ಹರಿಯುವಲ್ಲಿ ಇಪ್ಪತ್ತೇಳು. ವೇಗದಲ್ಲಿ ಹತ್ತು ಶೇಕಡಾ ಹೆಚ್ಚು ಹಿಡಿದೆಯಾ, ವಿದ್ಯುತ್ತಿನಲ್ಲಿ ಮೂವತ್ಮೂರು ಶೇಕಡಾ ಬುರುಡೆ ಬಿಟ್ಟಂತೆ. ಸಮುದ್ರವೂ ದಿನಾ ಒಂದೇ ಥರ ಇರುವುದಿಲ್ಲ. ಹುಣ್ಣಿಮೆ ಅಮಾವಾಸ್ಯೆಗೆ ಮೈದುಂಬಿ ಬರುತ್ತದೆ, ಅಷ್ಟಮಿಯ ಆಸುಪಾಸು ಸೊರಗುತ್ತದೆ. ದಿನದಲ್ಲೇ ನಾಲ್ಕು ಸಲ ದಿಕ್ಕು ಬದಲಿಸುವ ಮುನ್ನ ಕ್ಷಣ ನಿಂತು ಉಸಿರೆಳೆಯುತ್ತದೆ. ಆಗ ನಿನ್ನ ನೂರು ಟರ್ಬೈನೂ ಸೊನ್ನೆ.

ಮೇಜೆನ್‌ನವರನ್ನು ನೋಡು. ದೊಡ್ಡ ಕನಸಿನವರೇ, ಆದರೂ ಮೊದಲ ಹಂತಕ್ಕೆ ಇಳಿಸಿದ್ದು ನಾಲ್ಕೇ ಟರ್ಬೈನು, ಒಟ್ಟು 6 ಮೆಗಾವಾಟ್. ಉಪ್ಪುನೀರಿನಲ್ಲಿ ಯಂತ್ರ ಹೇಗೆ ಬಾಳುತ್ತದೆಂದು ಇಳಿಸಿಯೇ ಕಲಿತರು. ನಿನಗೆ ಬುದ್ಧಿ ಇದೆ, ಬೆರಳೂ ಚುರುಕು. ತಾಳ್ಮೆಯೊಂದನ್ನು ಎಲ್ಲಿ ಬಿಟ್ಟು ಬಂದೆಯೋ ಕಾಣೆ.

ಆ ನೂರನ್ನು ಅಳಿಸು. ಎರಡು ಟರ್ಬೈನು ಇಡು, ಒಂದರ ಹಿಂದೆ ಒಂದು. ಅಷ್ಟಮಿಯ ದಿನದ ವೇಗ ಹಾಕು. ಭಾನುವಾರ ಬರುವಾಗ ಆ ಹಿಂದಿನದರ ಲೆಕ್ಕ ತೋರಿಸು. ಮುಂದಿನದರದು ನನಗೆ ಬೇಡ.